ಪೊಟ್ಯಾಸಿಯಂ ಸಾಲನ್ನು ನಾನು ಓದಿರಲಿಲ್ಲ

ನನ್ನ ರೋಗಿಯೊಬ್ಬರಿಗೆ ಸುಸ್ತು, ವಾಂತಿ, ಎದ್ದು ನಿಂತರೆ ತಲೆಸುತ್ತು. ರಕ್ತದಲ್ಲಿ ಸೋಡಿಯಂ 124. ಇರಬೇಕಾದದ್ದು 135ರಿಂದ 145. ವಾಂತಿಯಿಂದ ಹೀಗಾಗಿದೆ ಅಂದುಕೊಂಡು ಸಲೈನ್ ಹಾಕಿಸಿದೆ. ಎರಡು ದಿನಕ್ಕೆ ಚೇತರಿಸಿಕೊಂಡು ಮನೆಗೆ ಹೋದವರು ಮೂರು ವಾರಕ್ಕೆ ಹಾಗೇ ವಾಪಸ್ ಬಂದರು.

ಆಗ ರಿಪೋರ್ಟಿನ ಕೆಳಗಿನ ಸಾಲು ನೋಡಿದೆ. ಪೊಟ್ಯಾಸಿಯಂ 5.8. ಹಳೆಯ ರಿಪೋರ್ಟಿನಲ್ಲೂ ಜಾಸ್ತಿಯೇ ಇತ್ತು! ಬರೀ ವಾಂತಿಯಾದರೆ ಅದು ಸಾಮಾನ್ಯವಾಗಿ ಇಳಿಯಬೇಕು.

"ಉಪ್ಪು ಜಾಸ್ತಿ ಬೇಕು ಅನ್ನಿಸುತ್ತಾ?" ಎಂದು ಕೇಳಿದೆ. ಅವರು ಸುಮ್ಮನಿದ್ದರು. ಹೆಂಡತಿ ಹೇಳಿದರು: "ಅಂಗೈಗೆ ಹಾಕ್ಕೊಂಡು ನೆಕ್ಕುತ್ತಾರೆ ಡಾಕ್ಟ್ರೇ." ಆ ಅಂಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಸಾಲ್ ಬೆಳಗಿನ ಪರೀಕ್ಷೆಯಲ್ಲಿ ತೀರಾ ಕಡಿಮೆ, ಆ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಎಸಿಟಿಎಚ್ ವಿಪರೀತ. ಅಡ್ರಿನಲ್ ಗ್ರಂಥಿಗಳೇ ಸೋತುಹೋಗುವ, ಥಾಮಸ್ ಅಡಿಸನ್ ಎಂಬ ವೈದ್ಯ 1855ರಲ್ಲಿ ವಿವರಿಸಿದ ಕಾಯಿಲೆ.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಕೆಜಿಯಷ್ಟು ಉಪ್ಪಿರುತ್ತದೆ. ಬಹುಪಾಲು ತಾನಾಗಿಯೇ ರಕ್ತಕ್ಕೆ ಮರಳುತ್ತದೆ. ಅಡ್ರಿನಲ್ ಗ್ರಂಥಿಯ ಇನ್ನೊಂದು ಹಾರ್ಮೋನು ಆಲ್ಡೋಸ್ಟೆರಾನ್ ನೋಡಿಕೊಳ್ಳುವುದು ಕೊನೆಯ ಎರಡು ಮೂರು ಪರ್ಸೆಂಟ್ ಮಾತ್ರ. ಇಷ್ಟೇ ಅಲ್ವಾ ಅನ್ನಬೇಡಿ, ಅದೇ ದಿನಕ್ಕೆ 30 ಗ್ರಾಂ ದಾಟುತ್ತದೆ. ಸೋಡಿಯಂ ಉಳಿಸಿಕೊಳ್ಳುವಾಗ ಆಲ್ಡೋಸ್ಟೆರಾನ್ ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಹಾರ್ಮೋನು ಇಲ್ಲದಿದ್ದರೆ ಎರಡೂ ತಿರುವುಮುರುವು.

ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಶುರು ಮಾಡಿದೆ. ವಾಂತಿ ನಿಂತಿತು, ಹಸಿವು ಬಂತು. ತಲೆಸುತ್ತು ಮಾತ್ರ ಹೋಗಲಿಲ್ಲ. ಇದು ನನ್ನ ಎರಡನೇ ತಪ್ಪು. ಕಾರ್ಟಿಸಾಲ್ ಕೂಡ ಆಲ್ಡೋಸ್ಟೆರಾನಿನ ಬೀಗಕ್ಕೆ ಹೊಂದುವ ಕೀಲಿಯೇ. ಆದರೆ ಕಿಡ್ನಿಯಲ್ಲಿ ಒಂದು ಕಿಣ್ವ ಅದನ್ನು ಬಾಗಿಲಲ್ಲೇ ಕೆಡಿಸಿಬಿಡುತ್ತದೆ. ಮಾಮೂಲಿ ಡೋಸಿನಲ್ಲಿ ಅದೊಂದೇ ಉಪ್ಪನ್ನು ಕಾಯಲಾರದು.

ಆಲ್ಡೋಸ್ಟೆರಾನಿನ ಕೆಲಸ ಮಾಡುವ ಫ್ಲೂಡ್ರೋಕಾರ್ಟಿಸೋನ್ 0.1 ಮಿ.ಗ್ರಾಂ ಸೇರಿಸಿದೆ. ಅವಸರಪಟ್ಟು 0.2ಕ್ಕೆ ಏರಿಸಿದಾಗ ಕಾಲು ಊದಿತು, ಪೊಟ್ಯಾಸಿಯಂ 3.3ಕ್ಕೆ ಇಳಿಯಿತು. ಕೊನೆಗೆ ಒಂದೂವರೆ ಮಾತ್ರೆಗೆ, ಅಂದರೆ 0.15ಕ್ಕೆ, ನಿಂತೆ.

ಈಗ ಡೋಸ್ ನಿರ್ಧರಿಸುವಾಗ ಸೋಡಿಯಂ ಒಂದನ್ನೇ ನಂಬುವುದಿಲ್ಲ. ಮೈಯಲ್ಲಿ ನೀರು ಹೆಚ್ಚಾದರೂ ಅದು ಇಳಿಯುತ್ತದೆ. ಮಲಗಿಸಿ ಬಿಪಿ ನೋಡುತ್ತೇನೆ, ನಿಲ್ಲಿಸಿ ಮತ್ತೆ ನೋಡುತ್ತೇನೆ. ಕಾಲಿನ ಗಂಟಿನ ಬಳಿ ಹೆಬ್ಬೆರಳು ಒತ್ತುತ್ತೇನೆ. ಪೊಟ್ಯಾಸಿಯಂ ಬೇಕೇ ಬೇಕು. ಉಪ್ಪು, ನೀರು ಸಾಲದಾದಾಗ ಕಿಡ್ನಿ ರಕ್ತಕ್ಕೆ ಬಿಡುವ ರೆನಿನ್‌ನ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು: ತುಂಬಾ ಏರಿದ್ದರೆ ಮಾತ್ರೆ ಸಾಲದು, ಪೂರ್ತಿ ಅಡಗಿದ್ದರೆ ಜಾಸ್ತಿಯಾಗಿದೆ.

ಉಪ್ಪಿನ ಪ್ರಶ್ನೆಯನ್ನು ಮಾತ್ರ ಈಗಲೂ ಅವರ ಹೆಂಡತಿಗೇ ಕೇಳುತ್ತೇನೆ.