ದಿಂಬಂ ಇಳಿಯುವ ಪಿಕಪ್ಪಿಗೆ ಹೊಸ ಡಿಸ್ಕು, ಹೊಸ ಪ್ಯಾಡು

ತಾಳವಾಡಿ ಕಡೆಯಿಂದ ಕೋಸು, ಆಲೂಗಡ್ಡೆ ತುಂಬಿಕೊಂಡು ದಿಂಬಂ ಘಟ್ಟದ 27 ತಿರುವು ಇಳಿದು ಬಣ್ಣಾರಿ ಮುಟ್ಟುವ ಗಾಡಿಗೆ ಮುಂದಿನ ಡಿಸ್ಕು ಬೇಗ ಸವೆಯುತ್ತೆ, ಅದು ಗೊತ್ತಿದ್ದದ್ದೇ. ಆದರೆ ದುಬಾರಿ ಪ್ಯಾಡು ಹಾಕಿಸಿದ ಮೇಲೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕತೆಯಾದರೆ ಅಂಗಡಿಗೆ ಹೋಗುವ ಮೊದಲು ಗಾಡಿಯ ಹಿಂಬದಿಗೆ ಬಗ್ಗಿ ನೋಡಿ.

ನಮ್ಮ ಪಿಕಪ್ಪು, ಮಿನಿ ಲಾರಿಗಳಿಗೆ ಸಾಮಾನ್ಯವಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಹಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಚಾಸಿಗೆ ಒಂದು ವಾಲ್ವು ಕೂತಿರುತ್ತೆ, ಅದರಿಂದ ಆಕ್ಸಲ್ಲಿಗೆ ಒಂದು ಕಡ್ಡಿಯೋ ಸ್ಪ್ರಿಂಗೋ ಹೋಗಿರುತ್ತೆ. ಅದೇ ಎಲ್‌ಎಸ್‌ಪಿವಿ, ಅಂದರೆ ಹೊರೆ ನೋಡಿ ಬ್ರೇಕಿನ ಒತ್ತಡ ಹಂಚುವ ವಾಲ್ವು. ಲೋಡು ಬಿದ್ದು ಬಾಡಿ ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಗೆ ಬಿಡುತ್ತೆ. ಜಾಸ್ತಿ ಹೊರೆ ತಡೆಯಲಿ ಅಂತ ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದಿರೋ, ಬಾಡಿ ತಗ್ಗುವುದೇ ಇಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ! ಹಿಂದಿನ ಡ್ರಮ್ಮು ಅರ್ಧ ಕೆಲಸವೂ ಮಾಡದೆ ಪೂರ್ತಿ ಭಾರ ಮುಂದಿನ ಎರಡು ಡಿಸ್ಕಿನ ಮೇಲೆ ಬೀಳುತ್ತೆ. ಕಡ್ಡಿಯ ಅಳತೆಯನ್ನು ಗಾಡಿಯ ಪುಸ್ತಕ ನೋಡಿ ಸರಿ ಮಾಡಿಸಿ. ಹಿಂದಿನ ಡ್ರಮ್ಮಿಗೆ ಉಜ್ಜುವ ಲೈನರ್, ಅದನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆಯೇ ಅಂತ ಕೂಡ ಆಗಲೇ ನೋಡಿಬಿಡಿ.

ಈಗ ಸಾಮಾನು. ಡಿಸ್ಕಿನ ಅಂಚಿನಲ್ಲೋ ನಡುವಿನ ಬಟ್ಟಲಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಮಿಲಿಮೀಟರಿನಲ್ಲಿ ಕೊರೆದಿರುತ್ತೆ. ಸವೆದ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿರುವುದರಿಂದ ವರ್ನಿಯರ್ ಹಿಡಿದರೆ ಸುಳ್ಳು ಲೆಕ್ಕ ಬರುತ್ತೆ, ಮೈಕ್ರೋಮೀಟರಿನಲ್ಲಿ ಅಳೆಯಿರಿ. ಕನಿಷ್ಠಕ್ಕೆ ಹತ್ತಿರ ಬಂದಿದ್ದರೆ ಲೇತಿಗೆ ಕೊಡಬೇಡಿ, ತೆಳು ಡಿಸ್ಕು ಬೇಗ ಕಾಯುತ್ತೆ. ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, 3 ಮಿಮೀಗೆ ಇಳಿದರೆ ಬದಲಿಸಿ, ಅದೂ ಎಡಬಲ ಎರಡೂ ಕಡೆ ಒಟ್ಟಿಗೆ.

ತೂತು ಕೊರೆದ ಡಿಸ್ಕು ನೋಡಲು ಚೆಂದ, ಲೋಡ್ ಗಾಡಿಗೆ ಬೇಡ. ಘಟ್ಟದ ಕಾವಿಗೆ ತೂತಿನಿಂದಲೇ ಬಿರುಕು ಶುರುವಾಗುತ್ತೆ. ನಡುವೆ ಗಾಳಿ ಹಾಯುವ ಸಾದಾ ಡಿಸ್ಕು ಸಾಕು. ಪ್ಯಾಡು ಸೆಮಿ ಮೆಟಾಲಿಕ್ ತಗೊಳ್ಳಿ, ಸ್ವಲ್ಪ ಸದ್ದು ಮಾಡುತ್ತೆ, ಆದರೆ ಕಾವು ತಡೆಯುತ್ತೆ. ಪ್ಯಾಡಿನ ಬೆನ್ನಿನ ಅಥವಾ ಅಂಚಿನ ಸಂಕೇತದ ಕೊನೆಗೆ ಎರಡು ಅಕ್ಷರ ಇದ್ದರೆ ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಲ್ಲಿ. ಘರ್ಷಣೆಯ ಗುಣಾಂಕದ ಲೆಕ್ಕದಲ್ಲಿ ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಎಫ್‌ಎಫ್ ಇದ್ದರೆ ಸರಿ, ಎಫ್‌ಇ ಅಂದರೆ ಬಿಸಿಯಾದಾಗ ಕೈಕೊಡುವ ಜಾತಿ.

ಕಳಚುವಾಗ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬರೀ ಜಾಕಿ ನಂಬಬೇಡಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿ, ಹೋಸಿನಲ್ಲಿ ಜೋತಾಡಿಸಬೇಡಿ. ಕ್ಯಾಲಿಪರಿನ ಪಿಸ್ಟನ್ ಒಳಗೆ ತಳ್ಳುವಾಗ ಬ್ಲೀಡರ್ (ಆಯಿಲು, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿ ಕೊಳೆ ಆಯಿಲನ್ನು ಹೊರಗೆ ಬಿಡಿ. ಕೆಲವು ಗಾಡಿಗಳಲ್ಲಿ ಡಿಸ್ಕು ಚಕ್ರ ಕೂರುವ ಹಬ್ಬಿನ ಹಿಂದೆ ಬೋಲ್ಟಾಗಿರುತ್ತೆ, ಆಗ ಹಬ್ಬನ್ನೇ ಇಳಿಸಬೇಕು, ಬೇರಿಂಗಿಗೆ ಹೊಸ ಗ್ರೀಸು, ಹೊಸ ಸೀಲು ಲೆಕ್ಕಕ್ಕೆ ಹಿಡಿಯಿರಿ.

ಬಹಳ ಮಂದಿ ಎಡವುವುದು ಮುಂದಿನ ಹಂತದಲ್ಲಿ. ಡಿಸ್ಕು ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಒಂದು ಹಕ್ಕಳೆ ಉಳಿದರೂ ಡಿಸ್ಕಿನ ಅಂಚು ಓಲಾಡುತ್ತೆ. ಮೊದಲ ದಿನ ಏನೂ ಗೊತ್ತಾಗಲ್ಲ. ಕೆಲವು ಸಾವಿರ ಕಿಮೀ ಓಡಿದ ಮೇಲೆ ಓಲಾಟ ತಗುಲಿದ ಜಾಗವಷ್ಟೇ ತೆಳ್ಳಗಾಗಿ ಬ್ರೇಕ್ ತುಳಿದಾಗ ಸ್ಟೇರಿಂಗ್ ನಡುಗುತ್ತೆ, ಬೈಗುಳ ಮಾತ್ರ ಡಿಸ್ಕಿನ ಕಂಪನಿಗೆ. ವೈರ್ ಬ್ರಶ್ಶಿನಲ್ಲಿ ಲೋಹ ಮಿನುಗುವವರೆಗೆ ಉಜ್ಜಿ. ಡಿಸ್ಕು ಕೂರಿಸಿ ಡಯಲ್ ಗೇಜ್ ಹಿಡಿದರೆ ಓಲಾಟ 0.05 ಮಿಮೀ ಒಳಗಿದ್ದರೆ ಒಳ್ಳೆಯದು. ಹೊಸ ಡಿಸ್ಕಿನ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಿರಿ, ಡೀಸೆಲ್ ಬೇಡ. ಕ್ಯಾಲಿಪರಿನ ಜಾರು ಪಿನ್ನಿಗೆ ಸಿಲಿಕೋನ್ ಗ್ರೀಸೇ ಬೇಕು, ಬೇರಿಂಗ್ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ನು ಸಿಕ್ಕಿಕೊಂಡು ಒಂದೇ ಪ್ಯಾಡು ಸವೆಯುತ್ತೆ. ವೀಲ್ ನಟ್ಟುಗಳನ್ನು ಎದುರುಬದುರು ಬಿಗಿಯಿರಿ, 100 ಕಿಮೀ ಓಡಿಸಿ ಮತ್ತೊಮ್ಮೆ ನೋಡಿ.

ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯದು ಹೊಸದರಲ್ಲಿ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಪೆಡಲು ನೆಲ ಮುಟ್ಟುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನು, ಅದನ್ನು ಬೆರೆಸಬೇಡಿ. ಪುಸ್ತಕ ಬೇರೆ ಹೇಳದಿದ್ದರೆ ಬ್ರೇಕ್ ಪೈಪಿನ ಏರ್ ತೆಗೆಯುವುದು ಹಿಂದಿನ ಎಡದಿಂದ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಗಾಡಿ ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವವರೆಗೆ ತುಳಿಯಿರಿ. ಮರೆತರೆ ಶೆಡ್ಡಿನ ಗೋಡೆಯೇ ಬ್ರೇಕು.

ಹೊಸ ಡಿಸ್ಕು, ಪ್ಯಾಡು ಪಳಗಿಸದೆ ಘಟ್ಟಕ್ಕೆ ಬಿಡಬೇಡಿ. ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 60 ಕಿಮೀಯಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ಅರ್ಧ ನಿಮಿಷ ಓಡಿಸಿ ಆರಲು ಬಿಟ್ಟು ಮತ್ತೆ, ಹೀಗೆ 30 ಸಲ.

ಇಳಿಯುವಾಗ ಏರಲು ಬೇಕಾಗುವ ಗೇರೇ ಇರಲಿ. ಡೀಸೆಲ್ ಉಳಿಸಲು ಇಂಜಿನ್ ಆರಿಸಿ ಜಾರಿಸಿದರೆ ಪೆಡಲು ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೇ ಖಾಲಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಪೆಡಲಿನಿಂದ ಕಾಲು ತೆಗೆಯಿರಿ. ಕಾದ ಪ್ಯಾಡು ಒತ್ತಿಕೊಂಡೇ ಇದ್ದರೆ ಅದರ ಅಚ್ಚು ಡಿಸ್ಕಿಗೆ ಅಂಟುತ್ತೆ. ಕ್ಯಾನಿನ ನೀರು ರೇಡಿಯೇಟರಿಗಿರಲಿ, ಡಿಸ್ಕಿಗೆ ಎರಚಬೇಡಿ. ಅರ್ಧ ಗಂಟೆ ಗಾಳಿಗೆ ಬಿಡಿ.