ಎರಡು ಆಡಿಯೊ ಸಾಧನಗಳನ್ನು ಒಂದೇ ಕ್ಲಾಕ್‌ಗೆ ಕಟ್ಟುವುದು ಹೇಗೆ

ರೆಕಾರ್ಡಿಂಗ್‌ನಲ್ಲಿ ಸೆಕೆಂಡಿಗೊಮ್ಮೆ, ಎರಡು ಸೆಕೆಂಡಿಗೊಮ್ಮೆ ‘ಟಿಕ್’ ಎಂಬ ಸದ್ದು ಕೇಳುತ್ತಿದ್ದರೆ ಮೈಕನ್ನು ದೂರುವ ಮೊದಲು ಕ್ಲಾಕ್ ಸೆಟ್ಟಿಂಗ್ ನೋಡಿ. ಸಾಧನ ಧ್ವನಿಯನ್ನು ಯಾವಾಗ ಅಳೆಯಬೇಕೆಂದು ತಾಳ ಹಾಕುವುದು ಕ್ಲಾಕ್; ಅಂಥ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಆಡಿಯೊ ಇಂಟರ್‌ಫೇಸ್‌ಗೆ (ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ) ಎಂಟು ಚಾನೆಲ್‌ನ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸಾಧನ) ಒಂದನ್ನು ಎಡ್ಯಾಟ್ ಎಂಬ, ಹಲವು ಚಾನೆಲ್‌ಗಳ ಡಿಜಿಟಲ್ ಧ್ವನಿ ಸಾಗಿಸುವ ಆಪ್ಟಿಕಲ್ ಕೇಬಲ್‌ನಿಂದ ಸೇರಿಸಿದಾಗ ತೀರಾ ಸಾಮಾನ್ಯವಾಗಿ ಕಾಣುವ ತೊಂದರೆ ಇದು. ಎರಡರೊಳಗೂ ಕ್ಲಾಕ್ ಓಡಿಸುವ ಬೇರೆ ಬೇರೆ ಕ್ರಿಸ್ಟಲ್ ಇರುತ್ತದೆ. ಎರಡೂ 48 ಕಿಲೋಹರ್ಟ್ಸ್ ಎಂದೇ ತೋರಿಸಿದರೂ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ಸಾಕು, ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹೆಚ್ಚೋ ಕಡಿಮೆಯೋ ಆಗುತ್ತದೆ. ಆ ಸ್ಯಾಂಪಲ್ ಬಿದ್ದುಹೋದ ಜಾಗವೇ ಟಿಕ್.

ಕ್ಲಾಕ್ ಕೊಡುವ ಮಾಸ್ಟರ್ ಒಂದೇ ಇರಬೇಕು, ಉಳಿದವೆಲ್ಲ ಅದನ್ನು ಹಿಂಬಾಲಿಸಬೇಕು. ಎರಡನ್ನೂ ‘ಎಕ್ಸ್‌ಟರ್ನಲ್’ಗೆ ಹಾಕಿದರೆ ಒಂದು ಇನ್ನೊಂದರ ಬಾಲ ಹಿಡಿದು ಸುತ್ತುತ್ತದೆ, ಲಾಕ್ (ಮಾಸ್ಟರ್‌ನ ವೇಗಕ್ಕೆ ಕಚ್ಚಿಕೊಳ್ಳುವುದು) ನಿಲ್ಲುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಸ್ಪೀಕರ್ ಮ್ಯೂಟ್ ಮಾಡಿ. ಕ್ಲಾಕ್ ಬದಲಾಗುವಾಗ ಬರುವ ಜೋರು ಸದ್ದು ಟ್ವೀಟರ್‌ಗೆ ಒಳ್ಳೆಯದಲ್ಲ. ಆಮೇಲೆ ಎರಡೂ ಸಾಧನಗಳಲ್ಲಿ ಸ್ಯಾಂಪಲ್ ರೇಟನ್ನು ಕೈಯಾರೆ ಒಂದೇ ಮಾಡಿ. ಪ್ರಿಆಂಪ್‌ನಿಂದ ಇಂಟರ್‌ಫೇಸ್‌ಗೆ ಒಂದೇ ಆಪ್ಟಿಕಲ್ ಕೇಬಲ್ ಇದ್ದರೆ ಆಯ್ಕೆಯೇ ಇಲ್ಲ: ಪ್ರಿಆಂಪ್ ‘ಇಂಟರ್ನಲ್’, ಇಂಟರ್‌ಫೇಸ್ ‘ಎಡ್ಯಾಟ್’. ಕ್ಲಾಕ್ ಅದೇ ಕೇಬಲ್‌ನಲ್ಲಿ ಬರುತ್ತದೆ. ಇದರಲ್ಲಿ ಒಂದು ಕಿರಿಕಿರಿಯಿದೆ. ಪ್ರಿಆಂಪ್ ಆಫ್ ಮಾಡಿದ ಕೂಡಲೇ ಇಂಟರ್‌ಫೇಸ್ ಲಾಕ್ ಕಳೆದುಕೊಳ್ಳುತ್ತದೆ. ಪ್ರಿಆಂಪನ್ನು ಅಪರೂಪಕ್ಕೆ ಬಳಸುವವರು ಇಂಟರ್‌ಫೇಸನ್ನೇ ಮಾಸ್ಟರ್ ಮಾಡಿ, ಅದರ ವರ್ಡ್ ಕ್ಲಾಕ್ (ಕ್ಲಾಕ್ ಸಿಗ್ನಲನ್ನಷ್ಟೇ ಸಾಗಿಸುವ ಸಾಕೆಟ್) ಔಟ್‌ನಿಂದ ಪ್ರಿಆಂಪ್‌ನ ವರ್ಡ್ ಕ್ಲಾಕ್ ಇನ್‌ಗೆ ಬಿಎನ್‌ಸಿ ಕೇಬಲ್ ಹಾಕಿಕೊಳ್ಳುವುದು ಮೇಲು. ಲಾಕ್ ದೀಪ ಮಿನುಗದೆ ಒಂದೇ ಸಮ ಉರಿಯಬೇಕು.

ಬಿಎನ್‌ಸಿ ಕೇಬಲ್ 75 ಓಮ್‌ನದೇ ಆಗಿರಲಿ, ಅಂದರೆ ಆರ್‌ಜಿ-59. ನೋಡಲು ಹಾಗೇ ಇರುವ ಆರ್‌ಜಿ-58 ರೇಡಿಯೊ ಕೆಲಸದ 50 ಓಮ್ ಕೇಬಲ್; ಹೊದಿಕೆಯ ಮೇಲಿನ ಅಕ್ಷರ ಓದಿ ಕೊಳ್ಳಿ. ಸಿಸಿಟಿವಿ ಅಂಗಡಿಯಲ್ಲಿ ಸಿಗುವ ಆರ್‌ಜಿ-59 ಕೇಬಲ್ ಈ ಕೆಲಸಕ್ಕೆ ಧಾರಾಳ ಸಾಕು.

ಮೂರು ಸಾಧನಗಳನ್ನು ಸರಪಳಿಯಾಗಿ ಕಟ್ಟುವಾಗ ಟಿ-ಕನೆಕ್ಟರನ್ನು ಮಧ್ಯದ ಸಾಧನದ ಸಾಕೆಟ್‌ಗೇ ನೇರ ಸಿಕ್ಕಿಸಿ, ನಡುವೆ ತುಂಡು ಕೇಬಲ್ ಬೇಡ. 75 ಓಮ್ ಟರ್ಮಿನೇಷನ್ (ಸಾಲಿನ ತುದಿಗೆ ಹಾಕುವ ರೆಸಿಸ್ಟರ್) ಕೊನೆಯ ಸಾಧನದಲ್ಲಿ ಮಾತ್ರ. ಎಲ್ಲೂ ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ಹಿಂದಿರುಗಿ ಕ್ಲಾಕ್‌ನ ಅಂಚು ಕೆಡುತ್ತದೆ. ಎರಡು ಕಡೆ ಇದ್ದರೆ ಮಟ್ಟ ಕುಸಿದು ಲಾಕ್ ಆಗಾಗ ತಪ್ಪುತ್ತದೆ. ಕೆಲವು ಸಾಧನಗಳಲ್ಲಿ ಟರ್ಮಿನೇಷನ್ ಒಳಗೇ ಕಾಯಂ ಇರುತ್ತದೆ, ಮ್ಯಾನ್ಯುಯಲ್ ನೋಡದೆ ಟಿ ಹಾಕಬೇಡಿ.

ಎರಡು ಮೂರು ಸಾಧನಗಳಿಗೋಸ್ಕರ ದುಬಾರಿ ಮಾಸ್ಟರ್ ಕ್ಲಾಕ್ ಕೊಳ್ಳುವುದು ದಂಡ. ಒಳ್ಳೆಯ ಕನ್ವರ್ಟರ್ (ಧ್ವನಿಯನ್ನು ಅಂಕಿಯಾಗಿಸುವ ಭಾಗ) ಸಾಮಾನ್ಯವಾಗಿ ತನ್ನದೇ ಇಂಟರ್ನಲ್ ಕ್ಲಾಕ್‌ನಲ್ಲಿ ಕಡಿಮೆ ಜಿಟರ್‌ನಿಂದ, ಅಂದರೆ ತಾಳದ ಕಡಿಮೆ ನಡುಕದಿಂದ, ಓಡುತ್ತದೆ. ಹೊರಗಿನ ಕ್ಲಾಕ್ ಇರುವುದು ಜೊತೆಗೂಡಿಸಲು, ಧ್ವನಿ ‘ಸುಧಾರಿಸಲು’ ಅಲ್ಲ.

96 ಕಿಲೋಹರ್ಟ್ಸ್‌ಗೆ ಹೋದರೆ ಎಡ್ಯಾಟ್ ಕೇಬಲ್ ಒಂದರಲ್ಲಿ ಎಂಟರ ಬದಲು ನಾಲ್ಕೇ ಚಾನೆಲ್. ಎರಡೂ ತುದಿಯಲ್ಲಿ ಎಸ್‌ಮಕ್ಸ್ (ಹೆಚ್ಚಿನ ರೇಟಿನ ಒಂದು ಚಾನೆಲನ್ನು ಎರಡರಲ್ಲಿ ಹಂಚಿ ಕಳಿಸುವ ವಿಧಾನ) ಇರಬೇಕು. ರೆಕಾರ್ಡ್ ಮಾಡಿದ ಹಾಡು ಆಮೇಲೆ ನಿಧಾನವಾಗಿ, ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ ಕೇಳಿಸಿದರೆ, ಸಾಫ್ಟ್‌ವೇರ್ 44.1 ಎಂದುಕೊಂಡಿದ್ದಾಗ ಮಾಸ್ಟರ್ 48ರಲ್ಲಿ ಓಡಿದೆ ಎಂದರ್ಥ. ಫೈಲ್ ಹಾಳಾಗಿಲ್ಲ, ಅದರ ರೇಟನ್ನು ಪರಿವರ್ತಿಸದೆ 48 ಎಂದು ಗುರುತಿಸಿದರೆ ಸರಿಹೋಗುತ್ತದೆ.

ಕ್ಲಾಕ್ ಸಾಕೆಟ್ಟೇ ಇಲ್ಲದ ಎರಡು ಯುಎಸ್‌ಬಿ ಇಂಟರ್‌ಫೇಸ್‌ಗಳನ್ನು ಮ್ಯಾಕ್‌ನಲ್ಲಿ ಅಗ್ರಿಗೇಟ್ ಡಿವೈಸ್ (ಎರಡೂ ಸೇರಿ ಒಂದೇ ಸಾಧನದಂತೆ ಕಾಣುವ ಏರ್ಪಾಡು) ಮಾಡಬಹುದು: ಒಂದನ್ನು ಕ್ಲಾಕ್ ಸೋರ್ಸ್ ಆಗಿ ಆರಿಸಿ, ಇನ್ನೊಂದಕ್ಕೆ ಡ್ರಿಫ್ಟ್ ಕರೆಕ್ಷನ್ ಹಾಕಿ. ಸಾಫ್ಟ್‌ವೇರ್ ಸ್ಯಾಂಪಲ್‌ಗಳನ್ನು ಮರುಲೆಕ್ಕ ಹಾಕಿ ಹೊಂದಿಸುವ ಉಪಾಯ ಇದು, ಕ್ಲಾಕ್ ಒಂದಾದಂತಲ್ಲ. ಟೈಮ್‌ಕೋಡ್ ಕೂಡ ಹಾಗೆಯೇ: ಅದು ವೇಳೆಯ ಗುರುತು ಕೊಡುತ್ತದೆ, ಸ್ಯಾಂಪಲ್ ವೇಗ ಹಿಡಿದಿಡುವುದಿಲ್ಲ. ಬಿಡಿಯಾಗಿ ಓಡುವ ಎರಡು ರೆಕಾರ್ಡರ್‌ಗಳ ನಡುವೆ ಹತ್ತು ಲಕ್ಷಕ್ಕೆ 50ರ ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಸರಿಯುತ್ತದೆ, 25 ಫ್ರೇಮ್ ವಿಡಿಯೊದಲ್ಲಿ ನಾಲ್ಕೂವರೆ ಫ್ರೇಮ್. ಶುರುವಿನಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ಅಂತರ ಸಮನಾಗುವಂತೆ ಒಂದು ಫೈಲನ್ನು ಹಿಗ್ಗಿಸಿ ಇಲ್ಲವೆ ಕುಗ್ಗಿಸಿ.

ಪರೀಕ್ಷೆಗೆ, ಇಂಟರ್‌ಫೇಸ್‌ನಿಂದ 1 ಕಿಲೋಹರ್ಟ್ಸ್ ಸೈನ್ ಟೋನನ್ನು ಪ್ರಿಆಂಪ್‌ನ ಲೈನ್ ಇನ್‌ಪುಟ್‌ಗೆ ಕಳಿಸಿ, ಎಡ್ಯಾಟ್ ಮೂಲಕ ಬಂದದ್ದನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ. ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಸಮಯ ಸರಿದಂತೆ ಧ್ವನಿಯ ಆವರ್ತನಗಳನ್ನು ತೋರಿಸುವ ಚಿತ್ರ) ಒಂದೇ ಅಡ್ಡಗೆರೆ ಇದ್ದರೆ ಲಾಕ್ ಸರಿಯಿದೆ. ನಿಯಮಿತ ಅಂತರದಲ್ಲಿ ಉದ್ದಗೆರೆಗಳು ಕಂಡರೆ ಎರಡೂ ಇನ್ನೂ ‘ಇಂಟರ್ನಲ್’ನಲ್ಲೇ ಇವೆ, ಅಲ್ಲೊಂದು ಇಲ್ಲೊಂದು ಕಂಡರೆ ಕೇಬಲ್, ಟರ್ಮಿನೇಷನ್ ಅಥವಾ ಕಂಪ್ಯೂಟರ್‌ನ ಬಫರ್ ಕಡೆ ಹುಡುಕಿ.