ಕಾರ್ಡಿನ ದುಡ್ಡು ಕಾರ್ಡಿಗೇ ವಾಪಸ್: ಸ್ವೈಪಿಂಗ್ ಮಷಿನ್‌ನಲ್ಲಿ ರೀಫಂಡ್ ಮಾಡುವುದು ಹೇಗೆ?

ಮೂರು ದಿನದ ಹಿಂದೆ ಕೊಂಡ ಸೀರೆಯನ್ನು ಒಬ್ಬರು ವಾಪಸ್ ತಂದರು. ನಮ್ಮ ಅಂಗಡಿ ಹುಡುಗ ಮಷಿನ್ ಹಿಡಿದು 1,850 ಅಂತ ಒತ್ತಿದ, ಕಾರ್ಡ್ ಹಾಕಿಸಿದ, ಪಿನ್ ಒತ್ತಿಸಿದ. ಆ ಅಮ್ಮನ ಫೋನ್ ಟಿಣ್ ಅಂತು. ‘ಏನಪ್ಪಾ, ಮತ್ತೆ ಕಟ್ಟಾಯ್ತಲ್ಲ?’ ಅವನು ಒತ್ತಿದ್ದು ಸೇಲ್! ಇದು ನಮ್ಮಲ್ಲಿ ಮಾತ್ರ ಆಗುವ ತಪ್ಪಲ್ಲ.

ಮೊದಲು ಸ್ಲಿಪ್ ಕೇಳಿ. ಗಿರಾಕಿ ಕಳೆದುಕೊಂಡಿದ್ದರೆ ಅಂಗಡಿಯ ಕಾಪಿ ಹುಡುಕಿ. ಕಾರ್ಡಿನ ಕೊನೆಯ 4 ಅಂಕಿ ತಾಳೆ ನೋಡಿ. ಗಂಡನ ಕಾರ್ಡಲ್ಲಿ ಕೊಂಡು ಹೆಂಡತಿಯ ಕಾರ್ಡಿಗೆ ಹಾಕಿ ಅಂದರೆ ಒಪ್ಪಬೇಡಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಮಷಿನ್ ಆ ದಿನದ ವ್ಯಾಪಾರವನ್ನೆಲ್ಲ ಒಟ್ಟು ಮಾಡಿ ಬ್ಯಾಂಕಿಗೆ ಒಪ್ಪಿಸುತ್ತದೆ. ಇದೇ ಸೆಟಲ್‌ಮೆಂಟ್. ಕೆಲವು ಮಷಿನ್‌ನಲ್ಲಿ ರಾತ್ರಿ ತಾನೇ ಆಗುತ್ತದೆ, ಕೆಲವಲ್ಲಿ ನಾವೇ ಒತ್ತಬೇಕು. ಅದಕ್ಕೂ ಮೊದಲೇ ಗಿರಾಕಿ ವಾಪಸ್ ಬಂದರೆ ಮೆನುವಿನಲ್ಲಿ ವಾಯ್ಡ್‌ಗೆ (ಅಂದರೆ ಆ ಬಿಲ್ಲನ್ನೇ ರದ್ದು ಮಾಡುವುದು) ಹೋಗಿ, ಸ್ಲಿಪ್‌ನಲ್ಲಿರುವ ಇನ್‌ವಾಯ್ಸ್ ನಂಬರ್ ಹಾಕಿ. ಪರದೆಯಲ್ಲಿ ಮೊತ್ತ ಬರುತ್ತದೆ. ಅದನ್ನು ಓದಿ, ಆಮೇಲೆ ಹಸಿರು ಬಟನ್ ಒತ್ತಿ. ಒಂದು ಅಂಕಿ ತಪ್ಪಿದರೆ ಬೇರೆ ಯಾರದೋ ಬಿಲ್ ರದ್ದಾಗುತ್ತದೆ! ವಾಯ್ಡ್ ಸಾಮಾನ್ಯವಾಗಿ ಪೂರ್ತಿ ಮೊತ್ತಕ್ಕೆ. ಮೂರು ಸೀರೆಯಲ್ಲಿ ಒಂದನ್ನಷ್ಟೇ ತಂದಿದ್ದರೆ ಇದು ಬೇಡ, ಮುಂದೆ ಹೇಳುವ ರೀಫಂಡ್ ಮಾಡಿ.

ಸೆಟಲ್‌ಮೆಂಟ್ ಮುಗಿದಿದ್ದರೆ ರೀಫಂಡ್ ಮಾಡಬೇಕು. ಸ್ಲಿಪ್‌ನಲ್ಲಿ ಆರ್‌ಆರ್‌ಎನ್ ಅಂತ 12 ಅಂಕಿಯ ನಂಬರ್ ಇರುತ್ತದಲ್ವಾ, ಹಳೇ ವ್ಯವಹಾರ ಹುಡುಕಲು ಅದನ್ನೇ ಹಿಡಿಯಿರಿ. ಎಷ್ಟೋ ಮಷಿನ್‌ನಲ್ಲಿ ಬ್ಯಾಂಕಿನವರು ತೆರೆದುಕೊಡುವ ತನಕ ರೀಫಂಡ್ ಮೆನುವೇ ಕಾಣುವುದಿಲ್ಲ. ಗಿರಾಕಿ ಎದುರು ನಿಂತಾಗ ತಡಕಾಡಬೇಡಿ, ಇವತ್ತೇ ಫೋನ್ ಮಾಡಿ ಕೇಳಿಕೊಳ್ಳಿ. ರೀಫಂಡ್‌ಗೆ ಮಷಿನ್ ಕೇಳುವ ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಲಿ. ಅದನ್ನು ಬರೆದು ಮಷಿನ್ ಬೆನ್ನಿಗೇ ಅಂಟಿಸಿದ ಅಂಗಡಿಯನ್ನೂ ನೋಡಿದ್ದೇನೆ. ಕೆಲಸದವರು ತಮ್ಮ ಕಾರ್ಡಿಗೇ ರೀಫಂಡ್ ಹಾಕಿಕೊಂಡರೆ ಗೊತ್ತಾಗುವುದು ತಿಂಗಳ ಕೊನೆಗೆ.

ಬಂದ ಸ್ಲಿಪ್‌ನ ತಲೆಯಲ್ಲಿ ಸೇಲ್, ವಾಯ್ಡ್, ರೀಫಂಡ್ ಯಾವುದಿದೆ ಅಂತ ಓದಿ. ನಮ್ಮ ಹುಡುಗ ಓದಿದ್ದರೆ ಅಲ್ಲೇ ತಿಳಿಯುತ್ತಿತ್ತು. ಕೊನೆಗೆ ಅವತ್ತಿನ ಸೇಲ್‌ಗೆ ವಾಯ್ಡ್, ಹಳೆಯದಕ್ಕೆ ರೀಫಂಡ್, ಹೀಗೆ ಎರಡೆರಡು ಮಾಡಿದೆವು. ಸ್ಲಿಪ್‌ನ ಫೋಟೋ ತೆಗೆದಿಡಿ. ಅಗ್ಗದ ರೋಲ್ ತಂದರೆ ಅಕ್ಷರ ಬೇಗ ಮಾಸುತ್ತದೆ, ನಾನಂತೂ ಅದನ್ನು ಮುಟ್ಟುವುದಿಲ್ಲ. ಜಿಎಸ್‌ಟಿ ಬಿಲ್ ಆಗಿದ್ದರೆ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಚೀಟಿ) ಬರೆಯಿರಿ.

ಇಷ್ಟೆಲ್ಲ ಯಾಕೆ, ಗಲ್ಲಾಪೆಟ್ಟಿಗೆಯಿಂದ ನೋಟು ಎಣಿಸಿ ಕೊಟ್ಟರಾಯ್ತು ಅನ್ನುವವರಿದ್ದಾರೆ. ಬೇಡವೇ ಬೇಡ. ನಾಳೆ ಆ ಗಿರಾಕಿ ಬ್ಯಾಂಕಿಗೆ ದೂರು ಕೊಟ್ಟರೆ ನಗದು ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ? ದುಡ್ಡು ಎರಡು ಸಲ ಹೋಗುತ್ತದೆ.

ರೀಫಂಡ್ ಖಾತೆಗೆ ಬರಲು ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ. ‘ನಾಳೆನೇ ಬರುತ್ತೆ’ ಅಂತ ಸುಮ್ನೆ ಹೇಳಿ ಕಳಿಸಬೇಡಿ.

ಇನ್ನೊಂದು ಸಂಗತಿ. ದುಡ್ಡು ಕಟ್ಟಾಗಿದೆ, ಸ್ಲಿಪ್ ಮಾತ್ರ ಬರಲೇ ಇಲ್ಲ ಅಂದರೆ ರೀಫಂಡ್‌ಗೆ ಕೈ ಹಾಕಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಅದು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ಗಿರಾಕಿಗೆ ದಿನಕ್ಕೆ 100 ರೂಪಾಯಿ ಪರಿಹಾರವೂ ಸಿಗಬೇಕು. ಅದನ್ನು ಅವರು ತಮ್ಮ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಕೇಳಬೇಕು, ನಿಮ್ಮ ಕೌಂಟರಿನಲ್ಲಲ್ಲ.